ಎರಡು ತಿಂಗಳ ಅಡ್ವಾನ್ಸ್ ಸಾಕು ಅಂದ್ರೆ ನಮ್ಮೋರಿಗೆ ಯಾಕಿಷ್ಟು ಸಿಟ್ಟು?

ಬಾಡಿಗೆ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳೋ ಹಾಗಿಲ್ಲ ಅಂತ ಕಾನೂನು ಬರ್ಲಿ ಅಂತ ನಾನು ಅಂದಿದ್ದಕ್ಕೆ ಶಿವಮೊಗ್ಗದ ವಿನೋಬನಗರದ ನಮ್ಮ ಅಕ್ಕಪಕ್ಕದ ಓನರ್‌ಗಳೆಲ್ಲ ಮುಖ ಊದಿಸ್ಕೊಂಡಿದಾರೆ. ನಾನೂ ಓನರ್ರೇ ಮಾರಾಯ್ರೆ. ಕೆಳಗಡೆ ನಾವು, ಮೇಲ್ಗಡೆ ಎರಡು ಬಾಡಿಗೆ ಮನೆ, ಅದ್ರಿಂದ ಬರೋ ದುಡ್ಡಲ್ಲೇ ಬ್ಯಾಂಕಿನ ಕಂತು ಕಟ್ತಿರೋದು. ಹಾಗಾಗಿ ಬೈಯೋರು ಪೂರ್ತಿ ಓದಿ ಆಮೇಲೆ ಬೈರಿ.

ಮೊದಲು ಈಗಿರೋ ಕಾನೂನಿನ ಕಥೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ತೆಗೆದು ಅದ್ರ ಜಾಗಕ್ಕೆ ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಮಾಡಿದ್ರು, ಜಾರಿಗೆ ಬಂದಿದ್ದು 2001ರ ಡಿಸೆಂಬರ್ 31ಕ್ಕೆ. ಅದ್ರಲ್ಲಿ ಒಂದು ಮಿತಿ ಇದೆ. ಊರು ನೋಡ್ಕೊಂಡು, ತಿಂಗಳ ಬಾಡಿಗೆ 2,000 ಇಲ್ಲಾಂದ್ರೆ 3,500 ರೂಪಾಯಿ ದಾಟಿದ್ರೆ ಆ ಮನೆಗೆ ಈ ಕಾಯ್ದೆ ಅನ್ವಯ ಆಗಲ್ಲ. ಅಂಗಡಿ ಆದ್ರೆ 14 ಚದರ ಮೀಟರ್‌ಗಿಂತ ದೊಡ್ಡದಿದ್ರೂ ಇಲ್ಲ. ಆ ಕಾಲಕ್ಕೆ ಅದು ದೊಡ್ಡ ಮೊತ್ತನೇ ಇರಬಹುದು, ಆದ್ರೆ ಇವತ್ತು ಗೋಪಾಳದಲ್ಲೋ ರವೀಂದ್ರನಗರದಲ್ಲೋ 2,000ಕ್ಕೆ ಒಂದು ರೂಮ್ ತೋರ್ಸಿ ನೋಡೋಣ! ಅಂದ್ರೆ ಪುಸ್ತಕದಲ್ಲಿ ಕಾಯ್ದೆ ಇದೆ, ನಮ್ಮ ಮನೆಗಳಿಗೆ ಮಾತ್ರ ಇಲ್ಲ.

ಮತ್ತೆ ನಮಗೆ ಅನ್ವಯ ಆಗೋದು ಎಂತದು? ಬ್ರಿಟಿಷರ ಕಾಲದ್ದು, 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದ್ರ 106ನೇ ಸೆಕ್ಷನ್ ಪ್ರಕಾರ ತಿಂಗಳ ಬಾಡಿಗೆಗಿರೋರಿಗೆ 15 ದಿನದ ನೋಟೀಸ್ ಕೊಟ್ರೆ ಬಾಡಿಗೆ ಸಂಬಂಧ ಮುಗೀತು. ಕೇಳೋಕೆ ಓನರ್‌ಗೆ ಭಾರೀ ಅನುಕೂಲ ಅನ್ಸುತ್ತೆ ಅಲ್ವಾ, ಆದ್ರೆ ನೋಟೀಸ್ ಕೊಟ್ಮೇಲೂ ಅವ್ರು ಖಾಲಿ ಮಾಡ್ಲಿಲ್ಲ ಅಂದ್ರೆ ನೀವು ಬೀಗ ಒಡೆಯೋ ಹಾಗಿಲ್ಲ, ನೀರು ಕರೆಂಟ್ ಕಟ್ ಮಾಡೋ ಹಾಗಿಲ್ಲ, ಪೊಲೀಸ್ ಸ್ಟೇಷನ್‌ಗೆ ಹೋದ್ರೆ ಇದು ಸಿವಿಲ್ ಮ್ಯಾಟರ್ ಸಾರ್ ಅಂತಾರೆ, ಕೊನೆಗೆ ಕೋರ್ಟಿಗೇ ಹೋಗ್ಬೇಕು, ಅಲ್ಲಿ ವಾಯಿದೆ ಮೇಲೆ ವಾಯಿದೆ, ಲಾಯರ್ ಫೀಸು, ಅಪೀಲು, ಅಷ್ಟೊತ್ತಿಗೆ ಮನೆ ಕಟ್ಸಿದೋರೇ ಇರಲ್ಲ. ಈ ಹೆದರಿಕೆಗೇ ನಾವು ಐದಾರು ತಿಂಗಳ ಅಡ್ವಾನ್ಸ್ ಇಸ್ಕೊಳ್ಳೋದು. ಕೋರ್ಟಿನ ಮೇಲಿನ ಅಪನಂಬಿಕೆಯ ರೇಟನ್ನ ನಾವು ಬಾಡಿಗೆದಾರರ ಜೇಬಿಂದ ವಸೂಲಿ ಮಾಡ್ತಿದೀವಿ ಅಷ್ಟೇ. ಮೆಗ್ಗಾನ್ ಆಸ್ಪತ್ರೆಗೆ ಕೆಲ್ಸಕ್ಕೆ ಸೇರೋ ನರ್ಸ್ ಹುಡುಗಿ ಮೊದಲನೇ ಸಂಬಳ ನೋಡೋಕೆ ಮುಂಚೆ ಐವತ್ತು ಸಾವಿರ ಎಲ್ಲಿಂದ ತರ್ತಾಳೆ ಹೇಳಿ?

ಇನ್ನು ಆ ಹನ್ನೊಂದು ತಿಂಗಳ ಅಗ್ರಿಮೆಂಟ್. ಹನ್ನೆರಡು ವರ್ಷ ಒಬ್ರೇ ಇದ್ಬಿಟ್ರೆ ಮನೆ ಅವ್ರದ್ದೇ ಆಗುತ್ತೆ, ಅದಕ್ಕೇ ಹನ್ನೊಂದು ತಿಂಗಳಿಗೆ ಬರೆಸೋದು ಅಂತ ನಮ್ಮೂರಲ್ಲಿ ನೂರಕ್ಕೆ ತೊಂಬತ್ತು ಜನ ನಂಬಿದಾರೆ. ಎರಡಕ್ಕೂ ಸಂಬಂಧನೇ ಇಲ್ಲ. ಒಂದು ವರ್ಷ ದಾಟಿದ ಲೀಸ್‌ನ 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್‌ರಿಜಿಸ್ಟ್ರಾರ್ ಹತ್ರ ನೋಂದಣಿ ಮಾಡಿಸ್ಲೇಬೇಕು, ಆ ಖರ್ಚು ಓಡಾಟ ತಪ್ಸೋಕೆ ಹನ್ನೊಂದು ತಿಂಗಳು, ಅಷ್ಟೇ. ಬಾಡಿಗೆದಾರ ನಿಮ್ಮ ಒಪ್ಪಿಗೆ ಮೇಲೆ ಒಳಗಿರೋನು, ಅವನು ಬಾಡಿಗೆ ಕೊಟ್ಕೊಂಡು ಇಪ್ಪತ್ತು ವರ್ಷ ಇದ್ರೂ ಅದೊಂದರಿಂದಲೇ ಮಾಲೀಕ ಆಗಲ್ಲ.

ಆದ್ರೆ ಈ ಭಯ ಸುಮ್ನೆ ಹುಟ್ಟಿದ್ದಲ್ಲ, ಮಲೆನಾಡಲ್ಲಿ ಅದಕ್ಕೊಂದು ಹಿನ್ನೆಲೆ ಇದೆ. ತೀರ್ಥಹಳ್ಳಿ ಕಡೆ ನಮ್ಮ ದೊಡ್ಡಪ್ಪಂದು ಒಂದು ಹಂಚಿನ ಮನೆ ಇದೆ, ಮಕ್ಕಳು ಬೆಂಗಳೂರು ಸೇರಿದ್ಮೇಲೆ ಬೀಗ ಹಾಕಿದಾರೆ. ಅಲ್ಲೇ ಶಾಲೆಗೆ ವರ್ಗ ಆಗಿ ಬಂದ ಮೇಷ್ಟ್ರೊಬ್ರು ಬಾಡಿಗೆಗೆ ಕೇಳಿದ್ರು, ನಾನೂ "ದೊಡ್ಡಪ್ಪ, ಕೊಡಿ, ಮನೇಲಿ ಜನ ಇದ್ರೆ ಮನೆ ಉಳಿಯುತ್ತೆ" ಅಂದೆ. ಅವ್ರು "ನಿಂಗೆಂತ ಗೊತ್ತು, ಡಿಕ್ಲರೇಶನ್ ಕಾಲದಲ್ಲಿ ನೀನು ಹುಟ್ಟಿರ್ಲಿಲ್ಲ" ಅಂತ ಮಾತು ಮುಗಿಸಿದ್ರು. ಒಲೆ ಹೊಗೆ ತಾಗದೆ ಪಕಾಸಿಗೆಲ್ಲ ಗೆದ್ದಲು ಹಿಡಿದಿದೆ, ಎರಡು ಮಳೆಗಾಲಕ್ಕೆ ಅಡುಗೆಮನೆ ಮೂಲೆ ಹಂಚು ಕುಸಿದು ನೀರು ಒಳಗೇ ಸುರೀತಿದೆ. ಮೇಷ್ಟ್ರು ಪಾಪ ದಿನಾ ಬಸ್ಸಲ್ಲಿ ಓಡಾಡ್ತಾರೆ.

ದೊಡ್ಡಪ್ಪ ಡಿಕ್ಲರೇಶನ್ ಅಂದಿದ್ದು 1974ರ ಭೂಸುಧಾರಣೆ ತಿದ್ದುಪಡಿ ಬಗ್ಗೆ. ಗೇಣಿದಾರರು ಉಳ್ತಿರೋ ಜಮೀನಿನ ಹಕ್ಕು ಕೇಳಿ ಫಾರಂ ನಂಬರ್ 7 ಹಾಕಿದ್ರು, ಟ್ರಿಬ್ಯುನಲ್ ಮುಂದೆ ವಿಚಾರಣೆ ಆಗಿ ಗದ್ದೆ ಉಳುಮೆ ಮಾಡ್ತಿದ್ದೋರಿಗೇ ಹೋಯ್ತು. ಅದು ಸರಿಯಾಗೇ ಹೋಯ್ತು ಅನ್ನೋದು ನನ್ನ ಅಭಿಪ್ರಾಯ. ನಮ್ಮದೇ ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿ ರೈತರು ಜಮೀನ್ದಾರರ ವಿರುದ್ಧ ಸತ್ಯಾಗ್ರಹ ಮಾಡಿ ಜೈಲಿಗೆ ಹೋಗಿದ್ದು ಯಾಕೆ ಅಂತ ಗೊತ್ತಿರೋರು ಬೇರೆ ಥರ ಹೇಳೋಕಾಗಲ್ಲ. (ಇದಕ್ಕೆ ಮನೇಲಿ ಜಗಳ ಆಗುತ್ತೆ, ಆಗ್ಲಿ.) ಆದ್ರೆ ಆ ಕಾಯ್ದೆ ಇದ್ದಿದ್ದು ಸಾಗುವಳಿ ಭೂಮಿಗೆ. ಮೇಷ್ಟ್ರು ತಿಂಗಳ ಬಾಡಿಗೆ ಕೊಟ್ಟು ಮನೇಲಿ ಇದ್ದ ಮಾತ್ರಕ್ಕೆ ಗೇಣಿದಾರ ಆಗಲ್ಲ. ಐವತ್ತು ವರ್ಷ ಆದ್ರೂ ಗದ್ದೆ ಹೋದ ಭಯಾನ ಮನೆ ಬಾಗಿಲಿಗೆ ಕಟ್ಕೊಂಡು ಕೂತಿದೀವಿ, ಅದನ್ನ ಬಿಡಿಸಿ ಹೇಳೋಕೆ ಯಾವ ಸರ್ಕಾರಾನೂ ತಲೆ ಕೆಡಿಸ್ಕೊಂಡಿಲ್ಲ.

ಈಗ ವಿಷಯಕ್ಕೆ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಮಾದರಿ ಬಾಡಿಗೆ ಕಾಯ್ದೆ ಒಪ್ಪಿ ರಾಜ್ಯಗಳಿಗೆ ಕಳಿಸ್ತು. ಇದು ರಾಜ್ಯದ ವ್ಯಾಪ್ತಿ ವಿಷಯ, ರಾಜ್ಯ ತನ್ನ ಕಾನೂನು ಮಾಡ್ಕೊಳ್ದೆ ಜಾರಿ ಆಗಲ್ಲ, ನಮ್ಮಲ್ಲಿ ಮಾಡಿಲ್ಲ. ಅದ್ರಲ್ಲಿ ವಾಸದ ಮನೆಗೆ ಎರಡು ತಿಂಗಳು, ಅಂಗಡಿ ಮುಂಗಟ್ಟಿಗೆ ಆರು ತಿಂಗಳು, ಅದಕ್ಕಿಂತ ಜಾಸ್ತಿ ಅಡ್ವಾನ್ಸ್ ಇಲ್ಲ. ಇಷ್ಟು ಓದಿ ಫೋನ್ ಕೆಳಗಿಡೋ ಓನರ್‌ಗಳಿಗೆ ನಾನು ಹೇಳೋದು, ಮುಂದಿನ ಪುಟಾನೂ ತಿರುಗ್ಸಿ. ಅವಧಿ ಮುಗಿದ್ಮೇಲೂ ಖಾಲಿ ಮಾಡ್ದೆ ಕೂತ್ರೆ ಮೊದಲೆರಡು ತಿಂಗಳು ಡಬಲ್ ಬಾಡಿಗೆ, ಆಮೇಲೆ ನಾಲ್ಕು ಪಟ್ಟು. ವ್ಯಾಜ್ಯ ನೋಡೋಕೆ ಸಿವಿಲ್ ಕೋರ್ಟ್ ಬದ್ಲು ಬೇರೆಯದೇ ಬಾಡಿಗೆ ಪ್ರಾಧಿಕಾರ, ಬಾಡಿಗೆ ಕೋರ್ಟು. ಅಗ್ರಿಮೆಂಟ್ ಬರವಣಿಗೆಲೇ ಇರ್ಬೇಕು, ಪ್ರಾಧಿಕಾರಕ್ಕೆ ತಿಳಿಸ್ಬೇಕು. ನಾವು ಅಡ್ವಾನ್ಸ್ ರೂಪದಲ್ಲಿ ಹುಡುಕ್ತಿರೋ ಧೈರ್ಯ ಇದೇ ಅಲ್ವಾ? ಹಾಗಂತ ಪ್ರಾಧಿಕಾರ ಅಂತ ಬೋರ್ಡ್ ಹಾಕಿ, ಆಗ್ಲೇ ಹತ್ತು ಕೆಲ್ಸ ಇರೋ ಅಧಿಕಾರಿಗೆ ಹನ್ನೊಂದನೇದು ವಹಿಸಿದ್ರೆ ಅದೂ ವೇಸ್ಟೇ, ಅಷ್ಟು ಅನುಮಾನ ನನಗೂ ಇದೆ.

ನನಗೆ ಇಷ್ಟ ಆಗಿದ್ದು ರಿಪೇರಿ ಪಟ್ಟಿ. ಸುಣ್ಣಬಣ್ಣ, ಕಟ್ಟಡದ ರಿಪೇರಿ, ವೈರಿಂಗ್, ಪೈಪ್ ಬದಲಾವಣೆ ಓನರ್‌ದು. ನಲ್ಲಿ ವಾಷರ್, ಸ್ವಿಚ್, ಕಟ್ಕೊಂಡ ಡ್ರೈನು, ಒಡೆದ ಗಾಜು ಬಾಡಿಗೆದಾರರದ್ದು. ನಮ್ಮೂರ ಮಳೆಗೆ ಇದು ಎಷ್ಟು ಮುಖ್ಯ ಅಂತ ಇಲ್ಲಿರೋರಿಗೇ ಗೊತ್ತು. ಆಗಸ್ಟ್ ಹೊತ್ತಿಗೆ ಪಶ್ಚಿಮದ ಗೋಡೆ ನೀರು ಕುಡಿದು ಬೀರು ಹಿಂದೆ ಹಸಿರು ಬೂಷ್ಟು ಹಿಡಿಯುತ್ತೆ, ಅದು ಬಾಡಿಗೆದಾರರು ಬಟ್ಟೆ ಒಳಗೆ ಒಣಗಿಸಿದ್ರಿಂದ ಅಂತ ಓನರ್ ಅಂತಾರೆ, ಟೆರೇಸ್ ಸೋರೋದ್ರಿಂದ ಅಂತ ಅವ್ರಂತಾರೆ, ಕಡೆಗೆ ಮನೆ ಬಿಡೋವಾಗ ಪೇಂಟಿಂಗ್ ಚಾರ್ಜ್ ಅಂತ ಒಂದು ತಿಂಗಳ ಬಾಡಿಗೆ ಮುರ್ಕೊಂಡು ಕಳಿಸ್ತೀವಿ. ಆ ದುಡ್ಡಲ್ಲಿ ನಿಜವಾಗ್ಲೂ ಪೇಂಟ್ ಹೊಡ್ಸೋರು ಎಷ್ಟು ಜನ, ಕೈ ಎತ್ತಿ ನೋಡೋಣ!

ಓನರ್‌ಗಳ ಕಷ್ಟಾನೂ ಹೇಳ್ಬೇಕು, ಇಲ್ಲಾಂದ್ರೆ ಒನ್ ಸೈಡ್ ಆಗುತ್ತೆ. ಆಸ್ತಿ ತೆರಿಗೆನ ಮಾರ್ಗಸೂಚಿ ದರಕ್ಕೆ, ಅಂದ್ರೆ ಸರ್ಕಾರ ಜಾಗಕ್ಕೆ ಕಟ್ಟೋ ಬೆಲೆಗೆ ಗಂಟು ಹಾಕಿದಾರೆ, 2023ರ ಅಕ್ಟೋಬರ್‌ನಲ್ಲಿ ರಾಜ್ಯದ ತುಂಬ ಆ ದರ ಏರಿಸಿದ್ರು, ಜಾಗದ ದರ ಏರ್ತು ಅಂತ ಬಾಡಿಗೆ ಏರಲ್ಲ. ಏಪ್ರಿಲ್‌ನಲ್ಲೇ ಕಟ್ಟಿದ್ರೆ 5 ಪರ್ಸೆಂಟ್ ರಿಯಾಯ್ತಿ, ಅದೊಂದು ಸಮಾಧಾನ. ಉಚಿತ ಕರೆಂಟಿನ ಗೃಹಜ್ಯೋತಿದು ಇನ್ನೊಂದು ತಮಾಷೆ. ಬಾಡಿಗೆದಾರರಿಗೂ ಸಿಗುತ್ತೆ, ಒಳ್ಳೇದೇ, ಆದ್ರೆ ಹಳಬರು ಹೋಗೋವಾಗ ಆಧಾರ್ ಡಿ-ಲಿಂಕ್ ಮಾಡ್ದೆ ಹೋದ್ರೆ ಹೊಸಬರಿಗೆ ಸೌಲಭ್ಯ ಸಿಗೋಕೆ ಒದ್ದಾಟ, ಅವ್ರು ಬಂದು ಕೇಳೋದು ಮೆಸ್ಕಾಂನಲ್ಲಲ್ಲ, ನಮ್ಮ ಬಾಗಿಲಲ್ಲಿ. ಆದ್ರೆ ಇದ್ಯಾವುದೂ ಐದಾರು ತಿಂಗಳ ಅಡ್ವಾನ್ಸ್‌ಗೆ ಸಮರ್ಥನೆ ಆಗಲ್ಲ.

ಇನ್ನು "ನೀವು ಯಾವ ಜನ" ಅಂತ ಕೇಳೋ ವಿಷಯ ಎತ್ತಿದ್ರೆ ಇನ್ನೊಂದು ಪೋಸ್ಟ್ ಆಗುತ್ತೆ. ಅಷ್ಟು ಮುಜುಗರದ ಪ್ರಶ್ನೆನ ಅಷ್ಟು ನಗ್ತಾ ಕೇಳೋದು ನಮ್ಮೋರಿಗೆ ಮಾತ್ರ ಬರುತ್ತೆ.

ಶಾಸಕರು ಮನೆಗೆ ಬಂದಾಗ ರೋಡು ಚರಂಡಿ ಜೊತೆ ಇದನ್ನೂ ಕೇಳಿ. ಕಾನೂನು ಬರೋವರೆಗೆ ನಾನಂತೂ ಕಾಯಲ್ಲ, ಮೇಲ್ಗಡೆ ಒಂದು ಮನೆ ಮುಂದಿನ ತಿಂಗಳು ಖಾಲಿ ಆಗ್ತಿದೆ. ಎರಡು ತಿಂಗಳ ಅಡ್ವಾನ್ಸ್, ಬೇರೆ ಮೀಟರ್, ರಿಪೇರಿ ಯಾರದ್ದು ಅಂತ ಅಗ್ರಿಮೆಂಟ್‌ನಲ್ಲೇ ಬರೆದಿರುತ್ತೆ, ಮೀನು ಕೋಳಿ ಏನ್ ಬೇಕಾದ್ರೂ ಮಾಡ್ಕೊಳ್ಳಿ. ಪಶ್ಚಿಮದ ಗೋಡೆ ಮಳೆಗಾಲದಲ್ಲಿ ಸ್ವಲ್ಪ ತೇವ ಬರುತ್ತೆ, ಮೊದಲೇ ಹೇಳಿರ್ತೀನಿ. ಬೇಕಾದೋರು ಇನ್‌ಬಾಕ್ಸ್ ಮಾಡಿ, ಬ್ರೋಕರ್‌ಗಳು ಬೇಡ.