ನಾಲ್ಕನೆಯ ಸಿಲಿಂಡರ್ ಮತ್ತು ತುಪ್ಪದ ಡಬ್ಬಿ

ನಮ್ಮ 1998ರ ಮಾರುತಿ 800 ಚಾರ್ಮಾಡಿ ಘಾಟಿಯನ್ನು ಇಳಿಯುವಾಗ ಯಾವ ದೊಡ್ಡ ಕಾರಿಗೂ ಕಡಿಮೆಯಿಲ್ಲದ ಗಾಂಭೀರ್ಯದಿಂದ ಇಳಿಯುತ್ತದೆ. ತೊಂದರೆಯೆಲ್ಲ ಹತ್ತುವಾಗ. ಉಜಿರೆಯ ಮಾವನ ಮನೆಯಿಂದ ಚಿಕ್ಕಮಗಳೂರಿಗೆ ಹಿಂದಿರುಗುವಾಗ ಅದರೊಳಗೆ ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು, ನಮ್ಮಲ್ಲಿ ನಾಲ್ಕು ದಿನ ಇದ್ದು ಹೋಗಲು ಹೊರಟ ಮಾವನವರು ಮತ್ತು ಅವರ ತೋಟದ ಎರಡು ಹಲಸಿನ ಹಣ್ಣುಗಳು ಇರುವುದರಿಂದ, ಮೊದಲು ಎ.ಸಿ. ಆರಿಸಿ, ಆಮೇಲೆ ಮೊದಲ ಗೇರಿಗೆ ಇಳಿಸಿ, ಕೊನೆಗೆ ಎಲ್ಲರೂ ಮಾತು ನಿಲ್ಲಿಸಿ ಮುಂದಕ್ಕೆ ಬಾಗಿ ಕುಳಿತುಕೊಳ್ಳುವುದು ನಮ್ಮ ವಾಡಿಕೆ. ಒಂದು ಮೇ ತಿಂಗಳಲ್ಲಿ ಇಷ್ಟೆಲ್ಲ ಮಾಡಿದರೂ ಒಂದು ತಿರುವಿನಲ್ಲಿ ಕಾರು ಏದುಸಿರು ಬಿಡುತ್ತ ನಿಂತುಬಿಟ್ಟಿತು. "ನೀವು ನಿಧಾನ ಬನ್ನಿ ಮಾರಾಯ್ರೆ, ನಾನು ಮುಂದೆ ನಡೀತಾ ಇರ್ತೇನೆ" ಎಂದು ಮಾವನವರು ಇಳಿದು, ಪಂಚೆಯನ್ನು ಮೇಲಕ್ಕೆ ಕಟ್ಟಿ ಹೊರಟರು. ಕಾರು ಮುಂದಿನ ತಿರುವನ್ನು ತಲುಪಿದಾಗ ಅವರು ಮೋರಿಯ ಕಟ್ಟೆಯ ಮೇಲೆ ಕುಳಿತು, ಎಲೆಯಡಿಕೆ ಹಾಕಿಕೊಂಡು ಮುಗಿಸಿ, ನಮ್ಮ ದಾರಿ ಕಾಯುತ್ತಿದ್ದರು.

ಅಂದು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತಿರುವಾಗಲೇ ನಾನು ಇಂಜಿನ್ ಬದಲಾಯಿಸುವ ತೀರ್ಮಾನಕ್ಕೆ ಬಂದಿದ್ದೆ. ಕಾರನ್ನೇ ಬದಲಾಯಿಸಬಹುದಲ್ಲ ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ಅದು ನಮ್ಮ ತಂದೆ ಕೊಂಡ ಕಾರು.

ಲೆಕ್ಕವಂತೂ ಬಹಳ ಸೊಗಸಾಗಿತ್ತು. ನಮ್ಮ ಕಾರಿನದು 796 ಸಿ.ಸಿ.ಯ ಮೂರು ಸಿಲಿಂಡರ್ ಇಂಜಿನ್, ಅದರ ಶಕ್ತಿ ಸುಮಾರು 37 ಅಶ್ವಶಕ್ತಿ. ಅದೇ ಮನೆತನದ ಹಳೆಯ ಎಸ್ಟೀಮ್ ಕಾರಿನದು 1298 ಸಿ.ಸಿ.ಯ ನಾಲ್ಕು ಸಿಲಿಂಡರ್ ಇಂಜಿನ್, ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಉಣಿಸುವ ಕಾರ್ಬ್ಯುರೇಟರ್ ಇದ್ದ ಅದರ ಮಾದರಿಗೆ 65 ಅಶ್ವಶಕ್ತಿ. ನಮ್ಮ ಕಾರಿನ ತೂಕವೋ ಸುಮಾರು 650 ಕೆ.ಜಿ. ಯಾರದೋ ಮದುವೆಯ ಕರೆಯೋಲೆಯ ಹಿಂಬದಿಯಲ್ಲಿ ಭಾಗಿಸಿ ನೋಡಿದಾಗ, ಈಗ ಟನ್ನಿಗೆ 57 ಕುದುರೆಗಳು ಎಳೆಯುತ್ತಿರುವಲ್ಲಿ, ಹೊಸ ಇಂಜಿನ್ನಿನ ಹೆಚ್ಚುವರಿ ಭಾರಕ್ಕೆಂದು 50 ಕೆ.ಜಿ. ಸೇರಿಸಿದರೂ, 90ಕ್ಕೂ ಹೆಚ್ಚು ಕುದುರೆಗಳು ಎಳೆಯಲಿದ್ದವು. ಇಂಥ ಗಾಡಿಯಲ್ಲಿ ಮಾವನವರನ್ನು ಕೂರಿಸಿಕೊಂಡು ಘಾಟಿ ಹತ್ತುವ ದೃಶ್ಯವನ್ನು ನಾನು ರಾತ್ರಿಯೆಲ್ಲ ನೋಡಿದೆ. ಕಾರ್ ರ‍್ಯಾಲಿಯ ಸ್ಪರ್ಧೆಗಿಳಿಯುವವರು ಇದನ್ನು ಮಾಡಿರುವುದುಂಟು ಎಂಬ ಸಂಗತಿಯೂ ನನ್ನ ಬೆನ್ನಿಗಿತ್ತು. ರ‍್ಯಾಲಿಯವರು ಹಲಸಿನ ಹಣ್ಣು ಒಯ್ಯುವುದಿಲ್ಲ ಎಂಬುದನ್ನು ಮಾತ್ರ ನಾನು ಗಣನೆಗೆ ತೆಗೆದುಕೊಳ್ಳಲಿಲ್ಲ.

ಬೆಂಗಳೂರಿಗೆ ಬೇರೆ ಕೆಲಸದ ಮೇಲೆ ಹೋದಾಗ ಶಿವಾಜಿನಗರದ ಗುಜರಿಗೂ ಹೋಗಿ ಬಂದೆ. ಅಂಗಡಿಯವನು ಮೂಲೆಯಲ್ಲಿ ಕವುಚಿ ಬಿದ್ದಿದ್ದ ಒಂದು ಎಸ್ಟೀಮ್ ಇಂಜಿನ್ನನ್ನು ಕಾಲಿನಿಂದಲೇ ತೋರಿಸಿ, "ಬೋಲ್ಟ್ ಟು ಬೋಲ್ಟ್ ಕೂರುತ್ತೆ ಸಾರ್, ಕಣ್ಣು ಮುಚ್ಚಿಕೊಂಡು ತಗೊಂಡೋಗಿ" ಎಂದು 35 ಸಾವಿರ ಹೇಳಿದ. ನಾನು ಕಣ್ಣು ತೆರೆದುಕೊಂಡೇ ಊರಿಗೆ ಬಂದು, ಇಪ್ಪತ್ತು ವರ್ಷದಿಂದ ಈ ಕಾರಿನ ನಾಡಿ ಹಿಡಿದಿರುವ ನಮ್ಮ ಮೆಕ್ಯಾನಿಕ್ಕಿನ ಮುಂದೆ ವಿಷಯ ಇಟ್ಟೆ. ಅವರು ಕೈ ಒರೆಸಿಕೊಳ್ಳುತ್ತ ಬಹಳ ಹೊತ್ತು ಸುಮ್ಮನಿದ್ದು, "ಇಂಜಿನ್ ಕೂರಿಸೋದು ದೊಡ್ಡದಲ್ಲ ಸಾರ್, ಕೂರಿಸಿದ ಮೇಲೆ ಗಾಡಿ ನಿಲ್ಲಿಸೋದು ದೊಡ್ಡದು" ಎಂದರು.

ಅವರು ವಿವರಿಸಿದ ಮೇಲೆ ನನಗೆ ಅರ್ಥವಾದದ್ದೇನೆಂದರೆ, ಇಂಜಿನ್ ಎಂಬುದು ಒಂಟಿಯಾಗಿ ಬರುವ ಅತಿಥಿಯಲ್ಲ, ಅದು ದಿಬ್ಬಣದೊಡನೆ ಬರುವ ಬೀಗಿತ್ತಿ. ನಮ್ಮ ನಾಲ್ಕು ಗೇರಿನ ಪೆಟ್ಟಿಗೆ ಅಷ್ಟು ಶಕ್ತಿಯನ್ನು ಬಹುಕಾಲ ತಾಳದಾದ್ದರಿಂದ ಎಸ್ಟೀಮಿನ ಗೇರ್‌ಬಾಕ್ಸೂ ಜೊತೆಗೆ ಬರಬೇಕು. ಗೇರ್‌ಬಾಕ್ಸ್ ಬಂದರೆ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟುಗಳ ಉದ್ದ ಹೊಂದದೆ ಅವನ್ನು ಕತ್ತರಿಸಿ ಕೂಡಿಸಬೇಕು. ಇಂಜಿನ್ ಕೂರುವ ಮೌಂಟುಗಳನ್ನು ಹೊಸದಾಗಿ ವೆಲ್ಡ್ ಮಾಡಬೇಕು. ಹೆಚ್ಚಿದ ಬಿಸಿಗೆ ದೊಡ್ಡ ರೇಡಿಯೇಟರ್, ಅದಕ್ಕೆ ಜಾಗ ಬಿಡಲು ಬ್ಯಾಟರಿಯ ಸ್ಥಳಾಂತರ, ಮೂತಿಗೆ ಭಾರ ಹೆಚ್ಚಿದ್ದರಿಂದ ಗಟ್ಟಿ ಸ್ಪ್ರಿಂಗು, ಓಟ ಹೆಚ್ಚಿದ್ದರಿಂದ ದೊಡ್ಡ ಬ್ರೇಕು, ಆ ಬ್ರೇಕು ನಮ್ಮ 12 ಇಂಚಿನ ಚಕ್ರದೊಳಗೆ ಹಿಡಿಯದ ಕಾರಣ 13 ಇಂಚಿನ ಚಕ್ರ. 35 ಸಾವಿರವು ಮಾತಿನ ನಡುವೆಯೇ ಒಂದು ಲಕ್ಷವನ್ನು ದಾಟಿತು. ಆ ದುಡ್ಡಿಗೆ ಒಂದು ಇಡೀ ಎಸ್ಟೀಮ್ ಕಾರೇ ಸಿಗುತ್ತಿತ್ತು, ಅದೂ ಇಂಜಿನ್ ಸಮೇತ.

ಕಾನೂನಿನ ಭಾಗವನ್ನು ನನ್ನ ಹೆಂಡತಿ ವಹಿಸಿಕೊಂಡಳು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೂ ಆರ್‌.ಸಿ.ಯಲ್ಲಿರುವ ವಿವರಗಳಿಗೂ ವ್ಯತ್ಯಾಸ ಬರುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಕೂಡದು. ಗ್ಯಾಸ್ ಅಥವಾ ಬ್ಯಾಟರಿಯಿಂದ ಓಡುವಂತೆ ಕಿಟ್ ಹಾಕಿಸಲು ಅಲ್ಲಿ ದಾರಿ ಇದೆಯೇ ಹೊರತು, ಮಾವನೆದುರು ಮಾನ ಉಳಿಸಿಕೊಳ್ಳಲು ಯಾವ ವಿನಾಯಿತಿಯೂ ಇಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಂತೆ ಇದಕ್ಕೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಅವಳು ಮೆಕ್ಯಾನಿಕ್ಕಿನ ಪಟ್ಟಿಯನ್ನು ತೆಗೆದುಕೊಂಡು, ಇಂಜಿನ್ ಒಂದು, ಗೇರ್‌ಬಾಕ್ಸ್ ಎರಡು, ಬ್ರೇಕ್ ಮೂರು ಎಂದು ತರಕಾರಿ ಲೆಕ್ಕದಂತೆ ಎಣಿಸುತ್ತ ಹೋಗಿ, "ನಲವತ್ತೈದು ಸಾವಿರ ಆಯ್ತು. ನೀವು ಆರು ತಿಂಗಳನ್ನೇ ಆರಿಸ್ಕೊಳ್ಳಿ, ಪೆಟ್ರೋಲಾದ್ರೂ ಉಳೀತದೆ" ಎಂದಳು.

ಇಷ್ಟಾದರೂ ನಾನು ಸೋಲಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಜಾಗ ಇದೆಯೋ ಇಲ್ಲವೋ ಎಂಬುದನ್ನಾದರೂ ತಿಳಿಯಬೇಕಿತ್ತು. ನಮ್ಮ ಇಂಜಿನ್ನಿನ ಮೂರು ಸಿಲಿಂಡರುಗಳ ವ್ಯಾಸ ತಲಾ 68.5 ಮಿ.ಮೀ., ಎಸ್ಟೀಮಿನ ನಾಲ್ಕರದು ತಲಾ 74 ಮಿ.ಮೀ. ಒಟ್ಟು 205.5ರ ಎದುರು 296, ಅಂದರೆ ಗೋಡೆಗಳ ದಪ್ಪವನ್ನು ಬಿಟ್ಟರೂ ಇಂಜಿನ್ ಅಡ್ಡಕ್ಕೆ 90 ಮಿ.ಮೀ.ಯಷ್ಟು ಹೆಚ್ಚು ಜಾಗ ಕೇಳುತ್ತದೆ. ಅಡುಗೆಮನೆಯಲ್ಲಿ ಹುಡುಕಿದಾಗ ಅರ್ಧ ಲೀಟರಿನ ತುಪ್ಪದ ಡಬ್ಬಿ ಹೆಚ್ಚುಕಡಿಮೆ ಅದೇ ಅಗಲದ್ದಾಗಿ ಸಿಕ್ಕಿತು. ಖಾಲಿಯೆಂದು ನಂಬಿ ಅದನ್ನು ನಾಲ್ಕನೆಯ ಸಿಲಿಂಡರೆಂದು ಭಾವಿಸಿಕೊಂಡು ಇಂಜಿನ್ನಿಗೂ ಪಕ್ಕದ ತಗಡಿಗೂ ನಡುವೆ ತುರುಕಿದೆ. ಅದು ಕೂತಿತು! ಬಾನೆಟ್ಟೂ ಮುಚ್ಚಿತು! ಆ ಸಂತೋಷದಲ್ಲಿರುವಾಗಲೇ ಊಟಕ್ಕೆ ಕರೆ ಬಂತು, ಡಬ್ಬಿ ಮರೆತುಹೋಯಿತು.

ಮರುದಿನ ಬೆಳಿಗ್ಗೆ ಕಾರು ಪೇಟೆಯನ್ನು ಮುಟ್ಟುವ ಹೊತ್ತಿಗೆ ಒಳಗೆಲ್ಲ ಹಬ್ಬದ ಮನೆಯ ಘಮ ತುಂಬಿತ್ತು. ಯಾರ ಮನೆಯಲ್ಲೋ ಮೈಸೂರುಪಾಕು ಮಾಡುತ್ತಿರಬೇಕೆಂದು ಮೆಚ್ಚಿಕೊಳ್ಳುತ್ತ ಹನುಮಂತಪ್ಪ ವೃತ್ತಕ್ಕೆ ಬಂದಾಗ ಬಾನೆಟ್ಟಿನ ಸಂದಿಗಳಿಂದ ಹೊಗೆ ಏಳತೊಡಗಿತು. ಓರೆಯಾದ ಡಬ್ಬಿಯ ತಳದಲ್ಲಿ ಉಳಿದಿದ್ದ ತುಪ್ಪ ಕರಗಿ, ಬಿಸಿಯಾದ ಭಾಗಗಳ ಮೇಲೆ ಹನಿಹನಿಯಾಗಿ ಬೀಳುತ್ತಿತ್ತು. ಓಡಿ ಬಂದ ಸಂಚಾರಿ ಪೊಲೀಸರು ಬಾನೆಟ್ ಎತ್ತಿಸಿ, ಒಮ್ಮೆ ಆಘ್ರಾಣಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೋಮ ಮನೇಲಿ ಮಾಡಿ ಸಾರ್, ಸರ್ಕಲ್ಲಲ್ಲಿ ಬೇಡ" ಎಂದರು.

ಕಾರನ್ನು ಎಳೆಸಿಕೊಂಡು ಹೋದೆ. ಮೆಕ್ಯಾನಿಕ್ ಡಬ್ಬಿಯನ್ನು ಹೊರತೆಗೆದು, ಏನೂ ಕೇಳದೆ ಬೆಂಚಿನ ಮೇಲಿಟ್ಟರು. ಅವರು ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಎಲ್ಲ ತೊಳೆದು, ಕಾರ್ಬ್ಯುರೇಟರಿನೊಳಗೂ ತುಪ್ಪ ಹೋಗಿದೆಯೋ ಎಂದು ನೋಡಲು ಏರ್ ಫಿಲ್ಟರ್ ಬಿಚ್ಚಿ, ಹುಡುಗನಿಗೆ ಆಕ್ಸಿಲರೇಟರನ್ನು ಪೂರ್ತಿ ತುಳಿಯಲು ಹೇಳಿದರು. "ಪೂರ್ತಿ ಒತ್ತೋ." "ಪೂರ್ತೀನೇ ಅಣ್ಣ." "ಒಳಗಿನ ಗಾಳಿಯ ಕವಾಟ ಅರ್ಧವೂ ತೆಗೀತಿಲ್ಲವಲ್ಲೋ." ಹುಡುಗ ಬಗ್ಗಿ ನೋಡಿ, ಪೆಡಲಿನ ಕೆಳಗಿನಿಂದ ಮೊದಲು ರಬ್ಬರ್ ಮ್ಯಾಟನ್ನೂ, ಅದರಡಿಯಿಂದ ಅತ್ತೆಯವರು ಪ್ರೀತಿಯಿಂದ ಕೊಟ್ಟಿದ್ದ ಎರಡು ಬೆರಳು ದಪ್ಪದ ನಾರಿನ ಮ್ಯಾಟನ್ನೂ ಎಳೆದು ಹೊರಗೆ ಹಾಕಿದ. ಸಡಿಲಾಗಿದ್ದ ಕೇಬಲ್ಲನ್ನೂ ಬಿಗಿದು, ತೊಳೆದದ್ದೂ ಸೇರಿ 1,850 ರೂಪಾಯಿ ಆಯಿತು.

ಮುಂದಿನ ಮೇ ತಿಂಗಳಲ್ಲಿ ಅದೇ ಜನ, ಅಷ್ಟೇ ಹಲಸಿನ ಹಣ್ಣು. ಎ.ಸಿ. ಆರಿಸಿದ್ದೆ, ನಿಜ, ಆದರೆ ಕಾರು ಎರಡನೆಯ ಗೇರಿನಲ್ಲಿ ಮುಲುಗದೆ ಹತ್ತುತ್ತಿತ್ತು. ಹಳೆಯ ತಿರುವು ಬಂದಾಗ ನಾನು ಕನ್ನಡಿಯಲ್ಲಿ ಮಾವನವರ ಮುಖ ನೋಡಿದೆ. ಅವರು ಆಗಲೇ ಪಂಚೆಯ ತುದಿ ಹಿಡಿದುಕೊಂಡಿದ್ದರು. "ಈ ಸಲ ನಿಲ್ಲಿಸುದಿಲ್ವಾ ಮಾರಾಯ್ರೆ? ನಾನು ಕಾಲಾಡಿಸ್ಲಿಕ್ಕೆ ಕಾಯ್ತಾ ಇದ್ದೆ" ಎಂದರು. ನಿಲ್ಲಿಸಿದೆ. ಏರಿನಲ್ಲಿ ನಿಂತ ಕಾರನ್ನು ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸುವಷ್ಟರಲ್ಲಿ ಅವರು ಮುಂದಿನ ತಿರುವಿನ ಮೋರಿಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.