ಹೊಸ ದೋಣಿಗೆ ಹಳೆ ಕೊಳೆ

ಹೊಸ ಸ್ಟೀಲ್ ಪಾತ್ರೆಗೆ ಅಂಟಿಸಿದ ಚೀಟಿ ಕೀಳೋದಕ್ಕೂ ಮನಸ್ಸು ಬಾರದ ಮನೆ ನಮ್ಮದು. ಅಂಥ ಮನೆಯಲ್ಲಿ ಕೂತು ನಾನು ಹೊಸ ದೋಣಿಗೆ ಕೆಸರು ಬಳಿಯುತ್ತಿದ್ದೆ.

“ಮೂರು ವಾರ ಕೂತು ಅಷ್ಟು ಚೆಂದ ಬಣ್ಣ ಹೊಡೆದು, ಈಗ್ಯಾಕ್ರೀ ಕೊಳೆ ಮಾಡ್ತೀರಿ?” ಎಂದಳು ಹೆಂಡತಿ.

ದೋಣಿ ಅಂದರೆ ತಮಿಯಾ ಕಂಪನಿಯ ಪ್ಲಾಸ್ಟಿಕ್ ಕಿಟ್, ಬಿಡಿಭಾಗ ಅಂಟಿಸಿ ಬಣ್ಣ ಹೊಡೆಯುವ ಪುಟ್ಟ ಮಾದರಿ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ನೌಕಾಪಡೆ ಮೆಕಾಂಗ್ ನದಿಯ ಕವಲುಗಳಲ್ಲಿ ಓಡಿಸುತ್ತಿದ್ದ ಪಿಬಿಆರ್ ಎಂಬ ಗಸ್ತು ದೋಣಿ. ಅಸಲಿಯ ಉದ್ದ 32 ಅಡಿ. 1:35ರ ಅಳತೆಯಲ್ಲಿ 28 ಸೆಂಟಿಮೀಟರ್, ಅಂದರೆ ಶಾಲೆಯ ಸ್ಕೇಲಿಗಿಂತ ಒಂದು ಬೆರಳು ಕಮ್ಮಿ. ಪಕ್ಕದ ಮನೆ ಹುಡುಗ ತಿರುಗಿಸಿ ನೋಡಿ, “ಫ್ಯಾನ್ ಕಳೆದುಹಾಕಿದ್ರಾ ಅಂಕಲ್?” ಎಂದ. ದೋಣಿಯ ತಳದಲ್ಲಿ ತಿರುಗಿ ನೀರು ತಳ್ಳುವ ಫ್ಯಾನ್ ಇದಕ್ಕೆ ಇಲ್ಲವೇ ಇಲ್ಲ. ಜಕೂಝಿ ಕಂಪನಿಯ ಪಂಪುಗಳು ನೀರನ್ನು ಹೀರಿ ಹಿಂದಕ್ಕೆ ಚಿಮ್ಮಿಸಿದರೆ ದೋಣಿ ಮುಂದಕ್ಕೆ. ಎರಡಡಿ ನೀರು ಸಾಕು. ಸ್ನಾನದ ತೊಟ್ಟಿಗೆ ಹೆಸರಾದ ಅದೇ ಜಕೂಝಿ!

ಕಿಟ್ಟಿನಲ್ಲಿ ಉಳಿದ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದು ಎಳೆದರೆ ಕೂದಲಿನಷ್ಟು ತೆಳ್ಳಗಾಗುತ್ತದೆ. ಅದೇ ರೇಡಿಯೋ ಏರಿಯಲ್. ಹೊಲಿಗೆ ದಾರ ಹಗ್ಗವಾಯಿತು.

ಯುದ್ಧದಲ್ಲಿ ಓಡಾಡಿದ ದೋಣಿಯ ಹಾಗೆ ಕಾಣಲಿ ಅಂತಲೇ ಈ ಕೊಳೆ. ಎಡವಿದ್ದೂ ಅದರಲ್ಲೇ. ಹಳೇ ದೋಣಿ ಅಂದಮೇಲೆ ತುಕ್ಕು ಬೇಕಲ್ವಾ ಎಂದು ಎರಡೂ ಪಕ್ಕಕ್ಕೆ ಕಂದು ಬಣ್ಣ ಇಳಿಬಿಟ್ಟೆ. ಸೊಗಸಾಗಿ ಬಂತು. ರಾತ್ರಿ ಮಲಗಿದ ಮೇಲೆ ಹೊಳೆಯಿತು: ಪಿಬಿಆರ್‌ನ ಮೈ ಫೈಬರ್‌ಗ್ಲಾಸ್! ನೂರು ವರ್ಷ ನೀರಲ್ಲಿ ಬಿದ್ದಿದ್ದರೂ ಅದಕ್ಕೆಲ್ಲಿಯ ತುಕ್ಕು? ಎದ್ದು, ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಥಿನ್ನರಿಗೆ ಅದ್ದಿ ಒರೆಸಿದೆ. ತುಕ್ಕಿನ ಜೊತೆ ಹಸಿರೂ ಒಂದಿಷ್ಟು ಎದ್ದುಬಂತು. ಆಮೇಲೆ ಬುದ್ಧಿ ಬಂದು, ನೀರು ಮುಟ್ಟುವ ಗೆರೆಯುದ್ದಕ್ಕೂ ತೆಳುವಾಗಿ ಪಾಚಿ, ಡೆಕ್ಕಿನ ಮೇಲೆ ಬೂಟುಗಾಲಿನ ಕೆಸರು, ಬಿಸಿಲಿಗೆ ಮಾಸಿದ ಬಣ್ಣ, ಇಷ್ಟಕ್ಕೇ ನಿಲ್ಲಿಸಿದೆ. ಕೊಳೆ ಮಾಡುವುದಕ್ಕೂ ಲೆಕ್ಕ ಇದೆ ಮಾರಾಯ್ರೇ.

ಈಗ ದೋಣಿ ಷೋಕೇಸಿನ ಮೇಲಿದೆ. ಮೊನ್ನೆ ನೋಡಿದರೆ ಮನೆಯ ಧೂಳು ಕೂತಿತ್ತು. ಪುಕ್ಕಟೆ ಕೊಳೆ, ಇರಲಿ ಎಂದು ಸುಮ್ನೆ ಬಿಟ್ಟೆ. ಆದರೆ ನನ್ನ ನಾವಿಕನ ಎತ್ತರವೇ ಐದು ಸೆಂಟಿಮೀಟರ್. ಅವನ ಹೆಗಲ ಮೇಲೆ ಹತ್ತಿಯ ಒಂದು ಎಳೆ ಹೆಬ್ಬಾವಿನ ಹಾಗೆ ಬಿದ್ದಿತ್ತು. ಹಾಗಾಗಿ ಈಗ ಪ್ರತಿ ಭಾನುವಾರ ಮೆತ್ತನೆ ಬ್ರಷ್ ಹಿಡಿದು ಅಸಲಿ ಧೂಳು ತೆಗೆಯುತ್ತೇನೆ, ನಾನು ಬಳಿದ ಕೊಳೆ ಚೆನ್ನಾಗಿ ಕಾಣಲಿ ಅಂತ.

“ಹಾಗೇ ಮೇಲಿರೋ ಫ್ಯಾನೂ ಒರೆಸಿಬಿಡಿ” ಎನ್ನುತ್ತಾಳೆ ಇವಳು.