ಸೀರಿಯಲ್ಲು ಎಂಥ ಕಲೆ ಮಾರಾಯ್ರೆ?

ಉಡುಪಿಯಲ್ಲೊಂದು ಮದುವೆ ಊಟ. ಎಲೆಗೆ ಸಾರು ಬೀಳುವಷ್ಟರಲ್ಲಿ ಪಕ್ಕದ ಹಿರಿಯರು ಶುರು ಮಾಡಿದರು: "ಸಿನಿಮಾ, ಸೀರಿಯಲ್ಲು ಎಲ್ಲ ಎಂಥ ಕಲೆ ಮಾರಾಯ್ರೆ? ಬರೀ ಗೌಜಿ!"

ಸಾಕಪ್ಪಾ ಸಾಕು. ಈ ಮಾತು ಕೇಳದೆ ನಮ್ಮೂರಲ್ಲಿ ಒಂದು ಲೋಟ ಪಾಯಸ ಕುಡಿಯುವ ಹಾಗಿಲ್ಲ.

ಗೌಜಿಯಾದರೆ ಸೀರಿಯಲ್ ಹೊತ್ತಿಗೆ ನಿಮ್ಮ ಮನೆಯಲ್ಲಿ ಫೋನ್ ಎತ್ತುವವರು ಯಾಕೆ ಇರುವುದಿಲ್ಲ? ಅತ್ತೆ ಹಾಲಿಗೆ ಏನು ಬೆರೆಸಿದಳು ಅಂತ ಇಡೀ ಕೇರಿಗಿಂತ ಮೊದಲು ನಿಮಗೆ ಹೇಗೆ ಗೊತ್ತು? ನೋಡುವಾಗ ಇಲ್ಲದ ಮೈಲಿಗೆ ಒಪ್ಪಿಕೊಳ್ಳುವಾಗ ಎಲ್ಲಿಂದ ಬರುತ್ತದೆ?

ಯಕ್ಷಗಾನ ಕಲೆ, ಒಪ್ಪಿದೆ. (ಇಡೀ ರಾತ್ರಿ ಆಟ ನೋಡಿ ಬೆಳಗ್ಗೆ ಆಫೀಸಲ್ಲಿ ತೂಕಡಿಸುವ ಜಾತಿ ನನ್ನದೂ.) ಆದರೆ ಹಾಸ್ಯಗಾರ ಸಿನಿಮಾ ಡೈಲಾಗ್ ಹೊಡೆದಾಗ ಮೊದಲ ಶಿಳ್ಳೆ ಯಾರದ್ದು ಸ್ವಾಮಿ? ಡೇರೆ ಮೇಳದವರೂ ಟಿಕೆಟ್ ಹರಿದೇ ಆಡಿದ್ದಲ್ಲವಾ? ಡೇರೆಯಲ್ಲಿ ಹರಿದರೆ ಕಲಾಸೇವೆ, ಮಂಗಳೂರಿನ ಮಾಲಿನಲ್ಲಿ ಹರಿದರೆ ವ್ಯಾಪಾರ!

ಇನ್ನು ವಾದದಲ್ಲಿ ಸೋತರೆ ಶಿವರಾಮ ಕಾರಂತರನ್ನು ಎಳೆದು ತರುತ್ತಾರೆ. "ಅವರದ್ದೆಲ್ಲ ಸಾಹಿತ್ಯ, ಅದರ ಗತ್ತೇ ಬೇರೆ." ಅದೇ ಕಾರಂತರು 1978ರಲ್ಲಿ ತಾವೇ ನಿಂತು 'ಮಲೆಯ ಮಕ್ಕಳು' ಸಿನಿಮಾ ನಿರ್ದೇಶಿಸಿದ್ದರು ಅಂದರೆ "ಅದು ಬಿಡಿ, ಅದು ಆರ್ಟ್ ಸಿನಿಮಾ" ಅನ್ನುತ್ತಾರೆ. ಅಂದರೆ ಏನು, ಥಿಯೇಟರ್ ಖಾಲಿ ಇದ್ದರೆ ಕಲೆ, ಹೌಸ್‌ಫುಲ್ ಆದರೆ ಕಸವಾ?

ಹಾಗಿದ್ದರೆ 'ಕಾಂತಾರ'ಕ್ಕಾಗಿ ರಿಷಬ್ ಶೆಟ್ಟರಿಗೆ ರಾಷ್ಟ್ರಪ್ರಶಸ್ತಿ ಬಂದ ದಿನ "ನಮ್ಮ ಕುಂದಾಪ್ರದ ಕಲಾವಿದ" ಅಂತ ಸ್ಟೇಟಸ್ ಹಾಕಿದ್ದು ಯಾರು, ನಿಮ್ಮ ಮೊಮ್ಮಗನಾ?